ನಿಕೋಟಿನಮೈಡಿಗೆ ಹದಿಮೂರು ಸ್ಟಾಪು

ಐ.ಡಿ.ಹಳ್ಳಿಯ ಗಂಗಾಂಬಿಕಾ ಮಧುಗಿರಿಯಲ್ಲಿ ಬೆಟ್ಟದ ಬುಡಕ್ಕೆ ಒರಗಿಕೊಂಡಂತಿರುವ ಕಾಲೇಜೊಂದರ ಜೀವರಸಾಯನ ವಿಭಾಗದಲ್ಲಿ ಅಟೆಂಡರ್. ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಅವಳ ಲೆಕ್ಕಕ್ಕೆ ಒಡೆದದ್ದು ಎರಡೇ ಗಾಜಿನ ಕೊಳವೆ. ಅದರಲ್ಲೂ ಒಂದನ್ನು ಒಡೆದದ್ದು ಬೆಕ್ಕು. ಬೆಕ್ಕಿನ ಹೆಸರನ್ನು ರಿಜಿಸ್ಟರಿನಲ್ಲಿ ಬರೆಯಲು ಬರುವುದಿಲ್ಲ ಎಂದು ಅದನ್ನೂ ಇವಳ ತಲೆಗೇ ಕಟ್ಟಿದ್ದರು. ಈಗಲೂ ಕಾಲೇಜಿನ ಅಂಗಳದಲ್ಲಿ ಬೆಕ್ಕು ಎದುರಾದರೆ ಅವಳು ಮುಖ ತಿರುಗಿಸಿಕೊಂಡು ಹೋಗುತ್ತಾಳೆ.

ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ನಾಲ್ಕು ಅಂಕ ಕಡಿಮೆ ಬಿದ್ದು ಓದು ನಿಂತವಳಿಗೆ ಸೀಸೆಗಳ ಮೇಲಿನ ಹೆಸರು ಓದುವುದು ಕಷ್ಟವೇ. ಹಾಗಂತ ಸೀಸೆಗಳ ಗುರುತು ಸಿಗದೇ ಇರುತ್ತದೆಯೇ? ಸ್ಟೋರ್ ರೂಮಿನಲ್ಲಿದ್ದ ಇನ್ನೂರ ಹನ್ನೊಂದು ಸೀಸೆಗಳಿಗೂ ಅವಳೇ ಹೆಸರಿಟ್ಟಿದ್ದಳು. ಮುಚ್ಚಳ ತೆಗೆದರೆ ಮೂಗು ಕಣ್ಣೆಲ್ಲ ಉರಿಸುವ ಅಮೋನಿಯಾ ‘ಕೆಮ್ಮಣ್ಣ’. ಗಾಳಿ ತಾಕಿದರೆ ಸಾಕು ಒದ್ದೆಯಾಗಿ ಕೂರುವ ಬಿಳಿ ಹರಳು ‘ಅಳೋ ಸೊಸೆ’. ಮುಟ್ಟಿದವರ ಬೆರಳಿಗೆಲ್ಲ ಕಂದು ಬಣ್ಣ ಹಚ್ಚುವ ಅಯೋಡಿನ್ ‘ನಶ್ಯದಜ್ಜ’. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಹತ್ತಿಯಲ್ಲಿ ಸುತ್ತಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಮಲಗಿಸಿದ್ದ ಹೆಬ್ಬೆರಳುದ್ದದ ಸೀಸೆಯೊಂದಿತ್ತು. ಐದು ತಿಂಗಳು ಪತ್ರ ಬರೆದು ಬರೆದು ತರಿಸಿಕೊಂಡದ್ದು, ಸೆಕೆ ತಾಕಿದರೆ ಕೆಟ್ಟುಹೋಗುವಂಥದ್ದು. ಅದರ ಹೆಸರು ‘ಕೂಸು’. ಗಂಗಾಂಬಿಕಾ ದಿನಕ್ಕೆ ಎರಡು ಸಲ ಫ್ರಿಜ್ಜಿನ ಬಾಗಿಲು ಒಂದಿಷ್ಟೇ ತೆಗೆದು ಅದನ್ನು ನೋಡಿ ಬರುತ್ತಿದ್ದಳು.

ಇಷ್ಟೆಲ್ಲ ಇದ್ದರೂ ಸ್ಟೋರಿನ ಬೀಗದ ಕೈ ಮಾತ್ರ ಅವಳದಲ್ಲ. ಅದು ಸ್ಟೋರ್ ಕೀಪರ್ ಮರುಳಸಿದ್ದಯ್ಯನವರ ಉಡಿದಾರದಲ್ಲಿ ನೇತಾಡುತ್ತಿತ್ತು. ಅವರು ಒಳ್ಳೆಯವರೇ, ಆದರೆ ಬರುವುದು ಹತ್ತೂಕಾಲಿಗೆ. ಇವಳ ಬಸ್ಸು ತಲುಪುವುದು ಒಂಬತ್ತಕ್ಕೆ. ಒಂದೂಕಾಲು ಗಂಟೆ ಪೊರಕೆ ಹಿಡಿದು ಬಾಗಿಲ ಹೊರಗೆ ನಿಲ್ಲಬೇಕು. ತನ್ನ ಮನೆ ಮಕ್ಕಳಂತೆ ನೋಡಿಕೊಂಡ ಸೀಸೆಗಳು ಒಳಗೆ, ತಾನು ಹೊರಗೆ. ಹತ್ತೊಂಬತ್ತು ವರ್ಷ ಹಾಗೆ ನಿಂತು ನಿಂತು ಬಾಗಿಲ ಪಕ್ಕದ ಗೋಡೆಯಲ್ಲಿ ಅವಳ ಭುಜ ಒರಗುವ ಕಡೆ ಸುಣ್ಣ ಸವೆದಿತ್ತು. ಕಳೆದ ಬೇಸಿಗೆಯಲ್ಲಿ ಮರುಳಸಿದ್ದಯ್ಯ ನಿವೃತ್ತರಾದಾಗ ಅವಳು ಹಾರ ಹಾಕಿ, ಕಣ್ಣೊರೆಸಿಕೊಂಡು, ಆ ಕಣ್ಣಲ್ಲೇ ಬೀಗದ ಕೈಯನ್ನು ನೋಡಿದಳು. ಅದು ತನಗೆ ಬೇಕು ಎಂದು ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅಷ್ಟು ಬೇಕು ಎಂದು ಅವಳಿಗೆ ಜೀವನದಲ್ಲಿ ಯಾವುದೂ ಅನ್ನಿಸಿರಲಿಲ್ಲ.

ವಿಭಾಗಕ್ಕೆ ಹೊಸದಾಗಿ ಮುಖ್ಯಸ್ಥೆಯಾಗಿ ಬಂದಿದ್ದ ರಾಧಾಮಣಿ ಮೇಡಂ ಮೂರನೇ ದಿನವೇ ಬೆಚ್ಚಿಬಿದ್ದಿದ್ದರು. ಪ್ರಾಕ್ಟಿಕಲ್ ನಡೆಯುವಾಗ ಹುಡುಗಿಯೊಬ್ಬಳು, “ಗಂಗಕ್ಕ, ಅಳೋ ಸೊಸೆನ ಸ್ವಲ್ಪ ಕೊಡಿ, ನಶ್ಯದಜ್ಜನೂ ಬೇಕು” ಎಂದು ಕೇಳಿದ್ದು ಅವರ ಕಿವಿಗೆ ಬಿತ್ತು. ಇದು ಲ್ಯಾಬೋ ಅವಿಭಕ್ತ ಕುಟುಂಬವೋ ಎಂದು ಅವರಿಗೆ ತಿಳಿಯಲಿಲ್ಲ. ಅವರು ಸಿಡುಕಿನವರಲ್ಲ, ಆದರೆ ನಾಳೆ ಗಂಗಾಂಬಿಕಾ ರಜೆ ಹಾಕಿದರೆ ಬೇರೆಯವರು ಯಾವ ಸೊಸೆಯನ್ನು ಎಲ್ಲಿ ಹುಡುಕಬೇಕು? ಅದಕ್ಕೇ ನಿಯಮ ಮಾಡಿದರು. ಸ್ಟೋರಿನ ಕೀಲಿ ಯಾರಿಗೆ ಹೋಗುತ್ತದೋ ಅವರು ಲೇಬಲ್ಲಿನ ಮೇಲಿರುವ ಹೆಸರನ್ನು ಇದ್ದ ಹಾಗೆ ಹೇಳಬೇಕು. ನಲವತ್ತು ಹೆಸರಿನ ಪಟ್ಟಿ, ಒಂದೂವರೆ ತಿಂಗಳ ಸಮಯ, ಆಮೇಲೆ ಕಾಲೇಜಿನ ಕಾರ್ಯದರ್ಶಿ ಚನ್ನಮಲ್ಲಯ್ಯನವರ ಎದುರಿಗೆ ಸಂದರ್ಶನ. ಅಲ್ಲಿಯವರೆಗೆ ಕೀಲಿ ಮೇಡಂ ಬಳಿಯೇ.

ಕೀಲಿಗೆ ಇನ್ನೊಬ್ಬ ಉಮೇದುವಾರನೂ ಇದ್ದ. ಕೊರಟಗೆರೆಯ ಹಾಲೇಶ್, ಡಿಪ್ಲೊಮಾ ಮಾಡಿಕೊಂಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದವನು. ಎಷ್ಟೇ ಉದ್ದದ ಹೆಸರಾದರೂ ನೀರು ಕುಡಿದಂತೆ ಹೇಳುತ್ತಿದ್ದ. ಆ ಸೀಸೆ ಯಾವ ಕಪಾಟಿನಲ್ಲಿದೆ ಎಂದು ಕೇಳಿದರೆ ಮಾತ್ರ, “ಗಂಗಕ್ಕ” ಎಂದು ಕೂಗುತ್ತಿದ್ದ.

ಗಂಗಾಂಬಿಕಾ ಹಠಕ್ಕೆ ಬಿದ್ದು ಮೂವತ್ತೊಂಬತ್ತು ಹೆಸರು ಒಂದೇ ವಾರದಲ್ಲಿ ಕಲಿತಳು. ನಲವತ್ತನೆಯದು ಕೂಸಿನದು. ಹೆಬ್ಬೆರಳುದ್ದದ ಕೂಸಿಗೆ ಅಷ್ಟುದ್ದದ ಹೆಸರಿಟ್ಟವರು ಯಾರೋ ಏನೋ. ರಾಧಾಮಣಿ ಮೇಡಂ ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಕೊಟ್ಟಿದ್ದರು: ನಿಕೋಟಿನಮೈಡ್ ಅಡೆನೈನ್ ಡೈನ್ಯೂಕ್ಲಿಯೋಟೈಡ್. ಇವಳು ಅದನ್ನು ಹಿಡಿದುಕೊಂಡು ಕಣ್ಣು ಕಣ್ಣು ಬಿಟ್ಟಳು.

“ಒಡೆದು ಹೇಳಿ ಗಂಗಾಂಬಿಕಾ, ಸುಲಭ ಆಗುತ್ತೆ. ಅರ್ಥ ಎಲ್ಲಿ ಮುಗಿಯುತ್ತೋ ಅಲ್ಲಿ ಒಡೀಬೇಕು. ನಿಕೋಟಿನ್, ಆಮೇಲೆ ಅಮೈಡ್, ಆಮೇಲೆ ಅಡೆನೈನ್. ಡೈ ಅಂದರೆ ಎರಡು. ಆಮೇಲೆ ನ್ಯೂಕ್ಲಿಯೋಟೈಡ್” ಎಂದರು ಮೇಡಂ.

“ನಿಕೋಟಿನ್ ಅಂದ್ರೆ ಬೀಡಿನಾಗೆ ಇರ್ತದಲ್ಲ, ಅದಾ ಮೇಡಂ?”

“ಅದಲ್ಲ. ಅದರ ನಂಟು ಅಂತಿಟ್ಟುಕೊಳ್ಳಿ.”

ಕೂಸಿಗೆ ಬೀಡಿಯ ನಂಟಸ್ತಿಕೆ ಇದೆ ಎಂದು ತಿಳಿದು ಗಂಗಾಂಬಿಕಾಗೆ ಅರ್ಧ ಧೈರ್ಯ ಅಲ್ಲೇ ಹೋಯಿತು. ಮೇಡಂ ಹೇಳಿದಂತೆ ಅರ್ಥಕ್ಕೆ ಒಡೆದರೆ ತುಂಡುಗಳೇ ಬಾಯಿ ತುಂಬುವಷ್ಟು ದೊಡ್ಡವು. ಒಂದನ್ನು ನುಂಗುವಷ್ಟರಲ್ಲಿ ಇನ್ನೊಂದು ಗಂಟಲಿಗೆ ಬಂದು ಕೂರುತ್ತಿತ್ತು. ಮೂರು ದಿನ ಹೆಣಗಿ ನಾಲ್ಕನೆಯ ದಿನ ಬೆಳಿಗ್ಗೆ ಬಸ್ಸಿನಲ್ಲಿ ಚೀಟಿ ಹಿಡಿದು ಮೂಗೊರೆಸಿಕೊಳ್ಳುತ್ತ ಕೂತಿದ್ದಾಗ ಕಂಡಕ್ಟರ್ ಲಕ್ಷ್ಮೀಪತಿ ಬಂದು ಪಕ್ಕದಲ್ಲಿ ನಿಂತ.

ಲಕ್ಷ್ಮೀಪತಿ ಆ ದಾರಿಯಲ್ಲಿ ಹೆಸರಾದವನು. ಇಪ್ಪತ್ತು ವರ್ಷದಿಂದ ಅದೇ ಬಸ್ಸು, ಅದೇ ಟ್ರಿಪ್ಪು. ದಾರಿಯ ಊರುಗಳನ್ನೆಲ್ಲ ಒಂದೇ ಉಸಿರಿನಲ್ಲಿ ಕೂಗುತ್ತಿದ್ದ, ಅಷ್ಟು ಊರಲ್ಲಿ ಒಂದಕ್ಕೂ ಮೋಸವಾಗುತ್ತಿರಲಿಲ್ಲ. ಅವನು ಅವಳ ಗೋಳು ಕೇಳಿ, ಚೀಟಿ ಇಸಿದುಕೊಂಡು ಓದಿ, ತಲೆ ಕೆರೆದುಕೊಂಡ.

“ಇದ್ನ ಅರ್ಥ ನೋಡಿ ತುಂಡು ಮಾಡು ಅಂದ್ರಾ? ಅರ್ಥ ನೋಡ್ಕಂಡು ಯಾರಾನ ಬಸ್ ನಿಲ್ಲುಸ್ತಾರೇನಕ್ಕ? ಜನ ಎಲ್ಲಿ ಇಳೀತಾರೋ ಅಲ್ಲಿ ನಿಲ್ಲುಸ್ಬೇಕು. ಬಾಯಿ ಎಲ್ಲಿ ನಿಲ್ತದೆ ಹೇಳು. ನಿ. ಕೋ. ಟಿ. ನ. ಮೈಡ್. ಐದು ಸ್ಟಾಪು ಆಯ್ತಾ?”

“ಆಯ್ತು.”

“ಅ, ಡೆ, ನೈನ್. ಎಂಟು. ಡೈ, ನ್ಯೂ, ಕ್ಲಿ, ಯೋ, ಟೈಡ್. ಹದಿಮೂರು.” ಅವನು ಬೆರಳು ಮಡಿಚಿ ಮಡಿಚಿ ಎಣಿಸಿ, ಮುಖ ಅರಳಿಸಿದ. “ನಿನ್ನೂರು ಹಿಡ್ದು ಮಧುಗಿರಿ ಸ್ಟ್ಯಾಂಡ್‌ವರ್ಗೂ ನಮ್ದೂ ಹದಿಮೂರೇ ಸ್ಟಾಪು ಕಣಕ್ಕ. ಇನ್ನೇನ್ ಬೇಕು, ನಡಿ.”

ಅಂದಿನಿಂದ ಪಾಠ ಶುರುವಾಯಿತು. ಐ.ಡಿ.ಹಳ್ಳಿಯಲ್ಲಿ ಬಸ್ಸು ಹತ್ತುವಾಗ ‘ನಿ’. ಹುಣಸೇಮರದ ಸ್ಟಾಪಿನಲ್ಲಿ ‘ಕೋ’. ಹಾಲಿನ ಡೈರಿಯ ಮುಂದೆ ಕ್ಯಾನು ಇಳಿಸುವಾಗ ‘ಟಿ’. ಸ್ಟಾಪು ಬಂದ ಕೂಡಲೇ ಲಕ್ಷ್ಮೀಪತಿ ಅವಳ ಕಡೆ ನೋಡುತ್ತಿದ್ದ, ಅವಳು ಅಕ್ಷರ ಹೇಳಬೇಕು, ಅವನು “ರೈಟ್” ಅನ್ನಬೇಕು, ಆಮೇಲೆ ಬಸ್ಸು ಹೊರಡಬೇಕು. ತಪ್ಪಾದರೆ ಬಸ್ಸು ನಿಂತೇ ಇರುತ್ತಿತ್ತು. ಎರಡನೇ ವಾರಕ್ಕೆ ಬಸ್ಸಿನಲ್ಲಿದ್ದವರೆಲ್ಲ ಕಲಿತಿದ್ದರು. ಕೆರೆ ಏರಿಯ ಮೇಲೆ ಒಂದು ದಿನ ಅವಳು ತಡವರಿಸಿದಾಗ ಟೊಮೆಟೊ ಬುಟ್ಟಿ ಇಟ್ಟುಕೊಂಡು ಕೂತಿದ್ದ ದಾಸಮ್ಮ, “ಮೈಡ್ ಅನ್ನವ್ವ ಬಿರ್‍ನೆ, ಸಂತೆಗೆ ಹೊತ್ತಾಯ್ತದೆ” ಎಂದು ಗದರಿಕೊಂಡಳು.

ಎಂಟನೆಯ ಸ್ಟಾಪು ಕ್ರಾಸ್. ಅಲ್ಲಿ ‘ನೈನ್’. ಆ ಕ್ರಾಸಿನಲ್ಲಿ ಡ್ರೈವರ್ ಚೌಡಯ್ಯ ಇಂಜಿನ್ ಆಫ್ ಮಾಡಿ ಇಳಿದು ಟೀ ಕುಡಿಯುತ್ತಾನೆ. ಚೌಡಯ್ಯನ ಟೀ ಎಂದರೆ ಊದುವುದು ಜಾಸ್ತಿ, ಕುಡಿಯುವುದು ಕಡಿಮೆ; ಕಡಿಮೆಯೆಂದರೂ ಐದಾರು ನಿಮಿಷ. ಅವನು ಲೋಟ ಇಟ್ಟು, ಬಾಯಿ ಒರೆಸಿಕೊಂಡು, ಹತ್ತಿ ಕೂತು ಇಂಜಿನ್ ಎಬ್ಬಿಸಿದ ಮೇಲೆಯೇ ಮುಂದಿನ ರೈಸ್ ಮಿಲ್ಲು, ಅಲ್ಲಿ ‘ಡೈ’. ಹೀಗೆ ಇಪ್ಪತ್ತೊಂದು ದಿನ ಆ ಶಬ್ದ ಮಧ್ಯದಲ್ಲಿ ಟೀ ಕುಡಿದುಕೊಂಡೇ ಮಧುಗಿರಿ ಸೇರಿತು.

ಅದರ ಪರಿಣಾಮ ಮನೆಯಲ್ಲಿ ಗೊತ್ತಾಯಿತು. ಭಾನುವಾರ ಮಧ್ಯಾಹ್ನ ಗಂಗಾಂಬಿಕಾ ಗೋಡೆಯ ಬುದ್ಧನ ಪಟದ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದಳು. ಬುದ್ಧ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಪಾವಗಡದ ಕಡೆಯವಳಾದ, ಮಾತಿಗೆ ತೆಲುಗು ಬೆರೆಸುವ ಅತ್ತೆ ಪೆದ್ದಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಳು.

“ನಿ, ರೈಟ್. ಕೋ, ರೈಟ್. ಟಿ, ರೈಟ್” ಎಂದು ಶುರುವಾಗಿ “ನೈನ್” ಎಂಬಲ್ಲಿಗೆ ಬಂದು ಸೊಸೆ ನಿಂತಳು. ಕಿಟಕಿಯಾಚೆ ನೋಡಿದಳು. ಸೆರಗು ಸರಿಮಾಡಿಕೊಂಡಳು. ಪೆದ್ದಮ್ಮ ಹಿಡಿ ಅವರೆಕಾಯಿ ಸುಲಿದು ಮುಗಿಸಿದಳು.

“ಏಮೇ, ಅರ್ಧಕ್ಕೇ ನಿಲ್ಲಿಸ್ದೆ. ಮಿಕ್ಕಿದ್ದೆಲ್ಲಿ?”

“ಇರು ಅತ್ತೆ. ಚೌಡಣ್ಣ ಟೀ ಕುಡೀತವ್ನೆ.”

ಪೆದ್ದಮ್ಮ ಸೊಸೆಯ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಗಂಗಾಂಬಿಕಾಗೆ ಎಡವಟ್ಟು ಗೊತ್ತಾದದ್ದು ಆಗಲೇ. ಶಬ್ದವೇನೋ ಬಂದಿದೆ, ಆದರೆ ಬಸ್ಸನ್ನೂ ಜೊತೆಗೆ ಕರೆದುಕೊಂಡೇ ಬಂದಿದೆ. ರೈಟ್ ಬಿಟ್ಟು ಹೇಳಲು ನೋಡಿದಳು, ‘ಕೋ’ ಹೊರಡಲೇ ಇಲ್ಲ. ಟೀ ಬಿಟ್ಟು ಹೇಳಲು ನೋಡಿದಳು, ನಾಲಿಗೆ ಕ್ರಾಸಿನಲ್ಲೇ ಠಿಕಾಣಿ ಹೂಡಿತು. ಲಕ್ಷ್ಮೀಪತಿಗೆ ಹೇಳಿದರೆ ಅವನು, “ಕ್ರಾಸಲ್ಲಿ ನಿಲ್ಲಿಸ್ದೆ ಹೋದ್ರೆ ಜನ ಬೈತಾರಕ್ಕ” ಎಂದುಬಿಟ್ಟ. ಸಂದರ್ಶನಕ್ಕೆ ಉಳಿದಿದ್ದು ಎರಡೇ ದಿನ.

ಗುರುವಾರ ಹನ್ನೊಂದಕ್ಕೆ ಸಂದರ್ಶನ. ರಾಧಾಮಣಿ ಮೇಡಂ ಅವರ ಕೋಣೆಗೂ ಸ್ಟೋರಿಗೂ ನಡುವೆ ಒಂದೇ ಗೋಡೆ. ಸ್ಟೋರಿನ ಹಳೆಯ ಫ್ರಿಜ್ಜು ಗೊರಕೆ ಹೊಡೆದರೆ ಈಚೆಯ ಕುರ್ಚಿಗೂ ನಡುಕ ಬರುತ್ತಿತ್ತು. ಗಂಗಾಂಬಿಕಾ ಹತ್ತೂವರೆಯಿಂದಲೇ ಹೊರಗಿನ ಬೆಂಚಿನಲ್ಲಿ ಕೂತು ಚೀಟಿ ನೋಡಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಹಾಲೇಶ್ ಸ್ಟೋರಿನಿಂದ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದು, ಬೀಗ ಹಾಕಿ, ಕೀಲಿಯನ್ನು ಮೇಡಂಗೆ ಒಪ್ಪಿಸಿದ. ಅಂಗಿಯ ಇಸ್ತ್ರಿ ಎಷ್ಟು ಗರಿಗರಿಯಾಗಿತ್ತೆಂದರೆ ತೋಳು ಮಡಿಸಲು ಅವನೇ ಹಿಂದೆಮುಂದೆ ನೋಡುತ್ತಿದ್ದ. ಅದನ್ನು ನೋಡಿ ಇವಳಿಗೆ ತನ್ನ ಸೀರೆಯ ಸುಕ್ಕು ಕಂಡಿತು, ಇನ್ನಷ್ಟು ಕುಗ್ಗಿದಳು.

ಮೊದಲು ಹೋದವನು ಹಾಲೇಶ್. ಬಾಗಿಲು ತೆರೆದೇ ಇತ್ತು. ಮೇಡಂ ಮೂರು ಹೆಸರು ಕೇಳಿದರು. ಮೂರನ್ನೂ ಅವನು ಎಲ್ಲೂ ಎಡವದೆ ಹೇಳಿದ. ಕೊನೆಯದನ್ನು ಹೇಳುವಾಗ ಸ್ವಲ್ಪ ರಾಗವನ್ನೂ ಸೇರಿಸಿದ. ಕಾರ್ಯದರ್ಶಿ ಚನ್ನಮಲ್ಲಯ್ಯನವರು, “ಭೇಷ್” ಎಂದು ಕಾಗದದ ಮೇಲೆ ಏನೋ ಬರೆದುಕೊಂಡರು. ಕೀಲಿ ಅವರ ಮುಂದಿನ ಮೇಜಿನ ಮೇಲೆಯೇ ಇತ್ತು. ಮರುಳಸಿದ್ದಯ್ಯನವರ ಉಡಿದಾರದ ತುಂಡು ಇನ್ನೂ ಅದಕ್ಕೆ ಅಂಟಿಕೊಂಡಿತ್ತು.

ಗಂಗಾಂಬಿಕಾ ಒಳಗೆ ಹೋಗಿ ನಿಂತಳು. ಮೊದಲೆರಡು ಹೆಸರು ಸಲೀಸಾಗಿ ಬಂದವು. ಮೂರನೆಯದಕ್ಕೆ ಮೇಡಂ ಲೇಬಲ್ಲಿನ ಕಾಗದ ಎತ್ತಿ ಹಿಡಿದರು. ಕೂಸೇ.

“ನಿ, ರೈಟ್” ಎಂದಳು.

ಚನ್ನಮಲ್ಲಯ್ಯನವರು ಕನ್ನಡಕ ಮೇಲಕ್ಕೇರಿಸಿದರು. “ರೈಟು ರಾಂಗು ನಾವು ಹೇಳ್ತೀವಮ್ಮ. ನೀವು ಹೆಸರು ಹೇಳಿ.”

“ಕೋ, ರೈಟ್. ಟಿ, ರೈಟ್. ನ, ರೈಟ್. ಮೈಡ್, ರೈಟ್.” ನಿಲ್ಲಿಸಲು ಅವಳಿಂದ ಆಗುತ್ತಿರಲಿಲ್ಲ. “ಅ, ರೈಟ್. ಡೆ, ರೈಟ್. ನೈನ್.”

ಅಲ್ಲಿಗೆ ಕ್ರಾಸ್ ಬಂತು. ಬಸ್ಸು ನಿಂತಿತು. ಚೌಡಯ್ಯ ಇಳಿದು ಹೋದ.

ಒಂದು ನಿಮಿಷವಾಯಿತು. ಮೇಡಂ ಮೆಲ್ಲಗೆ, “ಮುಂದೆ?” ಎಂದರು. ಗಂಗಾಂಬಿಕಾ ಗೋಡೆ ನೋಡುತ್ತ ನಿಂತಿದ್ದಳು. ‘ಡೈ’ ಎಂಬುದು ಮುಂದಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತು, ರೈಸ್ ಮಿಲ್ಲಿನ ಚಿಮಣಿಯೂ ಕಣ್ಣಿಗೆ ಕಾಣುತ್ತಿದೆ, ಹೋಗಲು ಮಾತ್ರ ಆಗುತ್ತಿಲ್ಲ. ಚನ್ನಮಲ್ಲಯ್ಯನವರು ಪೆನ್ನಿನ ಮುಚ್ಚಳ ತೆಗೆದರು. ಹತ್ತೊಂಬತ್ತು ವರ್ಷ ಬಾಗಿಲ ಹೊರಗೆ ನಿಂತವಳು ಇನ್ನು ಜೀವಮಾನವಿಡೀ ಹೊರಗೇ ನಿಲ್ಲಬೇಕಲ್ಲ ಎಂದು ಅವಳಿಗೆ ಅಳು ಬಂತು.

ಕೋಣೆಯಲ್ಲಿ ಸದ್ದೇ ಇರಲಿಲ್ಲ. ಕ್ರಾಸಿನಲ್ಲೂ ಹೀಗೇ. ಇಂಜಿನ್ ಆಫ್ ಆದರೆ ಇಂಥದ್ದೇ ಸದ್ದಿಲ್ಲದ ಹೊತ್ತು.

ಆಗ ಅವಳಿಗೆ ಹೊಳೆಯಿತು. ಬಸ್ಸಿನ ಇಂಜಿನ್ ಆಫ್ ಆಗಬಹುದು. ಇಲ್ಲಿ ಗೋಡೆಯಾಚೆ ಗೊರಕೆ ಹೊಡೆಯಬೇಕಾದ ಇಂಜಿನ್ನೂ ಆಫ್ ಆಗಿದೆಯಲ್ಲ. ತಲೆಯ ಮೇಲೆ ಫ್ಯಾನು ತಿರುಗುತ್ತಿದೆ, ಅಂದರೆ ಕರೆಂಟ್ ಇದೆ. ಹಾಗಾದರೆ ಫ್ರಿಜ್ಜಿಗೆ ಏನಾಯಿತು? ಹೊರಗೆ ಬಿಸಿಲಿಗೆ ಬೆಟ್ಟದ ಬಂಡೆಗಲ್ಲು ಕಾದು ಕೂತಿದೆ.

“ಅಯ್ಯೋ, ನಮ್ಮ ಕೂಸು” ಎಂದವಳೇ ಮೇಜಿನ ಮೇಲಿದ್ದ ಕೀಲಿಯನ್ನೂ ಬಾಚಿಕೊಂಡು ಹೊರಗೆ ಓಡಿದಳು.

ಚನ್ನಮಲ್ಲಯ್ಯನವರು ಪೆನ್ನು ಹಿಡಿದುಕೊಂಡೇ ಕೂತರು. ಅವರ ಮೂವತ್ತು ವರ್ಷದ ಆಡಳಿತದಲ್ಲಿ ಅಭ್ಯರ್ಥಿಗಳು ಅತ್ತದ್ದುಂಟು, ಶಿಫಾರಸು ಪತ್ರ ಕೊಟ್ಟದ್ದುಂಟು, ಒಬ್ಬ ಹಾಡು ಹೇಳಿದ್ದೂ ಉಂಟು. ಶಬ್ದವನ್ನು ಅರ್ಧಕ್ಕೆ ಬಿಟ್ಟು, ಕೀಲಿ ಎತ್ತಿಕೊಂಡು ಓಡಿದವರು ಯಾರೂ ಇರಲಿಲ್ಲ. “ಮನೆಯಲ್ಲಿ ಎಳೆಮಗು ಇದೆಯಾ ಇವರಿಗೆ?” ಎಂದು ಕೇಳಿದರು. ರಾಧಾಮಣಿ ಮೇಡಂ ತಮಗೆ ಗೊತ್ತಿಲ್ಲ ಎಂದರು.

ಸ್ಟೋರಿನಲ್ಲಿ ಫ್ರಿಜ್ಜಿನ ಕೆಳಗೆ ನೀರು ಹರಿದಿತ್ತು. ಅದರ ಪ್ಲಗ್ಗು ನೆಲದ ಮೇಲೆ, ಅದರ ಜಾಗದಲ್ಲಿ ಹಾಲೇಶನ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು. ಗಂಗಾಂಬಿಕಾ ಅದನ್ನು ಕಿತ್ತು ಇದನ್ನು ಹಾಕಿದಳು. ಕೂಸಿನ ಡಬ್ಬಿ ಮುಟ್ಟಿದರೆ ಇನ್ನೂ ತಣ್ಣಗಿತ್ತು, ಆದರೆ ಸುತ್ತಲಿನ ಐಸೆಲ್ಲ ಕರಗುತ್ತಿತ್ತು. ಆ ಮುದಿ ಫ್ರಿಜ್ಜು ಕೂಡಲೇ ಏಳುವಂಥದ್ದಲ್ಲ, ಮತ್ತೆ ತಣ್ಣಗಾಗಲು ಮಧ್ಯಾಹ್ನವೇ ಆಗಬೇಕು. ಡಬ್ಬಿಯನ್ನು ಸೆರಗಿನೊಳಗೆ ಅಡಗಿಸಿಕೊಂಡು ಕ್ಯಾಂಟೀನಿಗೆ ಓಡಿದಳು. ಅಲ್ಲಿ ಪೆಟ್ಟಿಗೆಯಲ್ಲಿದ್ದ ಕಿತ್ತಳೆ ಬಣ್ಣದ ಐಸ್‌ಕ್ಯಾಂಡಿಗಳನ್ನು ಎರಡು ಕೈಯಲ್ಲೂ ಬಾಚಿ, ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿದು, ನಡುವೆ ಡಬ್ಬಿ ಮಲಗಿಸಿ, ಮೇಲೂ ನಾಲ್ಕು ಕ್ಯಾಂಡಿ ಹೊದಿಸಿದಳು.

ಬಕೆಟ್ಟಿನೊಂದಿಗೆ ಅವಳು ಏದುಸಿರು ಬಿಡುತ್ತ ಕೋಣೆಗೆ ಮರಳಿದಾಗ ಹೋಗಿ ಐದಾರು ನಿಮಿಷವಾಗಿತ್ತು.

“ಫ್ರಿಜ್ ಆಫ್ ಆಗಿತ್ತು ಮೇಡಂ. ಯಾರೋ ಪ್ಲಗ್ ಕಿತ್ತಾಕವ್ರೆ. ಇದು ಕೆಟ್ಟಿಲ್ಲ, ಮುಟ್ಟಿ ನೋಡಿ.”

ರಾಧಾಮಣಿ ಮೇಡಂ ಕ್ಯಾಂಡಿಗಳನ್ನು ಸರಿಸಿ ಡಬ್ಬಿ ಮುಟ್ಟಿದರು. ಅವರ ಮುಖದ ಬಣ್ಣ ಹೋಗಿ ಮತ್ತೆ ಬಂತು. ಐದು ತಿಂಗಳು ಪತ್ರ ಬರೆದದ್ದು ಅವರಿಗೂ ಗೊತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಹಾಲೇಶ್ ಗರಿಗರಿ ಅಂಗಿಯೊಳಗೇ ಮುದುಡಿಕೊಂಡು, “ಇಸ್ತ್ರಿ ಮಾಡ್ಕೊಳ್ಳೋಕೆ ತೆಗ್ದಿದ್ದೆ ಮೇಡಂ. ವಾಪಸ್ ಹಾಕೋದು ಮರ್ತೋಯ್ತು” ಎಂದ. ಪಾಪ, ಸುಳ್ಳು ಹೇಳುವಷ್ಟು ಕೆಟ್ಟವನಲ್ಲ ಅವನು.

ಚನ್ನಮಲ್ಲಯ್ಯನವರು ಗಂಟಲು ಸರಿಮಾಡಿಕೊಂಡರು. “ಅದೆಲ್ಲ ಸರಿ. ಆದರೆ ನಿಯಮ ನಿಯಮವೇ. ಹೆಸರು ಅರ್ಧಕ್ಕೇ ನಿಂತಿದೆ.”

ಗಂಗಾಂಬಿಕಾ ಬಕೆಟ್ಟನ್ನು ನೆಲಕ್ಕಿಟ್ಟಳು. ಗೋಡೆಯಾಚೆ ಕಿವಿಗೊಟ್ಟಳು. ಮುದಿ ಫ್ರಿಜ್ಜು ಒಂದು ಸಲ ಕೆಮ್ಮಿ, ಮೈ ಕೊಡವಿ, ಗೊರ್ ಎಂದು ಶುರುವಾಯಿತು. ಚೌಡಯ್ಯ ಟೀ ಮುಗಿಸಿ ಇಂಜಿನ್ ಎಬ್ಬಿಸಿದ್ದ.

“ರೈಟ್” ಎಂದಳು. “ಡೈ, ರೈಟ್. ನ್ಯೂ, ರೈಟ್. ಕ್ಲಿ, ರೈಟ್. ಯೋ, ರೈಟ್. ಟೈಡ್.” ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಇಪ್ಪತ್ತೊಂದು ದಿನ ಲಕ್ಷ್ಮೀಪತಿ ಯಾವತ್ತೂ ಅಷ್ಟಕ್ಕೇ ನಿಲ್ಲಿಸಿದವನಲ್ಲ. ಅದೇ ಗಟ್ಟಿ ದನಿಯಲ್ಲಿ ಅವಳು ಕೊನೆಯದನ್ನೂ ಹೇಳಿದಳು. “ಮಧುಗಿರಿ. ಲಾಸ್ಟ್ ಸ್ಟಾಪು. ಎಲ್ಲಾ ಇಳ್ಕಳಿ.”

ಚನ್ನಮಲ್ಲಯ್ಯನವರು ಚೀಲ ತೆಗೆದುಕೊಂಡು ಎದ್ದರು. ನಲವತ್ತು ವರ್ಷ ಹಳ್ಳಿಯಿಂದ ಬಸ್ಸಿನಲ್ಲಿ ಓಡಾಡಿದ ಜೀವ, ಆ ಮಾತು ಕಿವಿಗೆ ಬಿದ್ದರೆ ಕಾಲು ತಾನಾಗಿಯೇ ಏಳುತ್ತದೆ. ರಾಧಾಮಣಿ ಮೇಡಂ ಕೂಡ ವ್ಯಾನಿಟಿ ಬ್ಯಾಗ್ ಹೆಗಲಿಗೇರಿಸಿ ಅವರ ಹಿಂದೆ ಸಾಲಿನಲ್ಲಿ ನಿಂತಿದ್ದರು. ಬಾಗಿಲಿನ ಹತ್ತಿರ ಹೋದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕಿದ್ದು ಮೇಡಂ. ಚನ್ನಮಲ್ಲಯ್ಯನವರು ತಡೆದುಕೊಳ್ಳಲು ನೋಡಿ, ಆಗದೆ, ಹೊಟ್ಟೆ ಹಿಡಿದುಕೊಂಡು ಮತ್ತೆ ಬಂದು ಕೂತರು.

“ಎಲ್ಲ ಅಕ್ಷರವೂ ಬಂದಿದೆ ಸರ್. ಒಂದೂ ಬಿಟ್ಟುಹೋಗಿಲ್ಲ, ಒಂದೂ ಹಿಂದುಮುಂದಾಗಿಲ್ಲ” ಎಂದರು ಮೇಡಂ, ಕಣ್ಣೊರೆಸಿಕೊಳ್ಳುತ್ತ.

“ಹೆಚ್ಚಿಗೆ ಬಂದಿದೆಯಲ್ಲಮ್ಮ.”

“ಹೆಚ್ಚಿಗೆ ಬಂದರೆ ತಪ್ಪು ಅಂತ ನಿಯಮದಲ್ಲಿ ನಾನು ಬರೆದಿಲ್ಲ.”

ಕೀಲಿ ಹುಡುಕಿದರೆ ಮೇಜಿನ ಮೇಲೆ ಇರಲಿಲ್ಲ. ಅದು ಗಂಗಾಂಬಿಕಾಳ ಸೊಂಟದಲ್ಲಿತ್ತು, ಓಡುವ ಭರದಲ್ಲಿ ಸಿಕ್ಕಿಸಿಕೊಂಡದ್ದು. ಅವಳು ನಾಚಿಕೊಂಡು ತೆಗೆಯಲು ಹೋದಾಗ ಚನ್ನಮಲ್ಲಯ್ಯನವರು, “ಇರಲಿ ಬಿಡಿ, ಅಲ್ಲೇ ಇರಲಿ” ಎಂದರು. ಅವಳು ಬಕೆಟ್ಟಿನಿಂದ ಇಬ್ಬರಿಗೂ ಒಂದೊಂದು ಐಸ್‌ಕ್ಯಾಂಡಿ ಕೊಟ್ಟಳು. ಬಾಗಿಲಲ್ಲಿದ್ದ ಹಾಲೇಶನಿಗೂ ಒಂದು ಕೊಟ್ಟಳು.

ಮಾರನೆಯ ದಿನ ಬಸ್ಸಿನಲ್ಲಿ ಲಕ್ಷ್ಮೀಪತಿಗೆ ವಿಷಯ ತಿಳಿದು, ಅವನು ಹದಿಮೂರು ಸ್ಟಾಪಿನಲ್ಲೂ ಕೆಳಗೆ ನಿಂತವರಿಗೆಲ್ಲ ಹೇಳಿದ. ಬಸ್ಸು ಸ್ವಲ್ಪ ತಡವಾಗಿಯೇ ಮಧುಗಿರಿ ಸೇರಿತು.

ಗಂಗಾಂಬಿಕಾ ಕಾಲೇಜಿಗೆ ಬಂದು, ಪೊರಕೆ ತೆಗೆದುಕೊಂಡು, ಸ್ಟೋರಿನ ಮುಂದೆ ಹೋಗಿ ಗೋಡೆಗೆ ಭುಜ ಒರಗಿಸಿ ನಿಂತಳು. ಒಳಗೆ ಫ್ರಿಜ್ಜು ಗೊರಕೆ ಹೊಡೆಯುತ್ತಿತ್ತು. ಸುಣ್ಣ ಸವೆದ ಜಾಗ ತಣ್ಣಗಿತ್ತು. ಹಾಗೇ ಎಷ್ಟೋ ಹೊತ್ತು ನಿಂತ ಮೇಲೆ ಸೊಂಟದಲ್ಲಿ ಏನೋ ಚುಚ್ಚಿದಂತಾಗಿ ಮುಟ್ಟಿ ನೋಡಿಕೊಂಡಳು. ಇನ್ನು ಯಾರೂ ಬರಬೇಕಾಗಿಲ್ಲ ಎಂಬುದು ಆಗ ನೆನಪಾಯಿತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಬೀಗ ತೆಗೆದು, “ರೈಟ್” ಎಂದು ತನಗೆ ತಾನೇ ಹೇಳಿಕೊಂಡು ಒಳಗೆ ಹೋದಳು.